ಬಳ್ಳಾರಿ ಜಾಲಿ: ಸವರಿದರೆ ಸಾಯದು, ಬೊಡ್ಡೆ ಕೀಳಬೇಕು

ಗದಗ ಕಡೆಯ ಎರೆಭೂಮಿಯಲ್ಲಿ ಒಂದು ಪ್ಲಾಟು ಎರಡು ಮಳೆಗಾಲ ಖಾಲಿ ಬಿದ್ದರೆ ಸಾಕು, ಬಳ್ಳಾರಿ ಜಾಲಿ ಎದೆಮಟ್ಟ ನಿಲ್ಲುತ್ತದೆ. ಕುಡಗೋಲಿನಿಂದ ಸವರಿದರೆ ಒಂದು ಕಾಂಡವಿದ್ದ ಕಡೆ ಐದಾರು ಏಳುತ್ತವೆ. 1877ರಲ್ಲಿ ಕಡಪಾ ಜಿಲ್ಲೆಯಲ್ಲಿ ಇದನ್ನು ಬೆಳೆಸಿದ್ದು ಉರುವಲಿಗಾಗಿ. ಕಡಿದಷ್ಟೂ ಚಿಗುರುವುದು ಉರುವಲಿನ ಗಿಡಕ್ಕೆ ಒಳ್ಳೆಯ ಗುಣ, ಹಿತ್ತಲಿಗೆ ಕಾಟ.

ಕೊಡಲಿ ಎತ್ತುವ ಮೊದಲು ಗಿಡದ ಗುರುತು ಖಾತ್ರಿ ಆಗಲಿ. ಎಳೆಯ ಬನ್ನಿಯೂ ಬಳ್ಳಾರಿ ಜಾಲಿಯೂ ದೂರದಿಂದ ಒಂದೇ ಥರ ಕಾಣುತ್ತವೆ, ಎರಡನ್ನೂ ಬಹಳ ಕಾಲ ಪ್ರೊಸೋಪಿಸ್ ಎಂಬ ಒಂದೇ ಕುಲಕ್ಕೆ ಸೇರಿಸುತ್ತಿದ್ದರು. ದಸರೆಗೆ ಬಂಗಾರ ಅಂತ ಹಂಚುವ ಗಿಡವನ್ನು ಜಾಲಿ ಎಂದುಕೊಂಡು ಕಡಿದವರನ್ನು ಕಂಡಿದ್ದೇನೆ. ಬನ್ನಿ ನಿಧಾನಕ್ಕೆ ಬೆಳೆಯುವ ಮರ, ಒಮ್ಮೆ ಕಳಕೊಂಡರೆ ಬೇಗ ಸಿಗುವುದಿಲ್ಲ.

ನಾನು ಎಲೆಗಿಂತ ಮೊದಲು ಮುಳ್ಳು ನೋಡುತ್ತೇನೆ. ಬೆರಳು ದಪ್ಪದ ಟೊಂಗೆ ಹಿಡಿದು ಎಲೆ ಹುಟ್ಟುವ ಗಿಣ್ಣಿನ ಹತ್ತಿರ ಕಣ್ಣಿಟ್ಟು ನೋಡಿ. ಬಳ್ಳಾರಿ ಜಾಲಿಯಲ್ಲಿ ಮುಳ್ಳು ಸಾಮಾನ್ಯವಾಗಿ ಜೋಡಿಯಾಗಿ ಆ ಗಿಣ್ಣಿನಲ್ಲೇ ಇರುತ್ತದೆ, ನೆಟ್ಟಗೆ, ಒಂದೆರಡು ಇಂಚು ಉದ್ದ. ಟೊಂಗೆ ಗಿಣ್ಣಿನಿಂದ ಗಿಣ್ಣಿಗೆ ಅಂಕುಡೊಂಕಾಗಿ ಹೋಗುತ್ತದೆ. ಬನ್ನಿಯ ಮುಳ್ಳು ಗಿಡ್ಡ, ಬುಡ ಅಗಲ, ಗುಲಾಬಿ ಮುಳ್ಳಿನ ಹಾಗೆ. ಗಿಣ್ಣು ಬಿಟ್ಟು ನಡುವಿನ ಕಾಂಡದ ಮೇಲೆ ಅಲ್ಲಲ್ಲಿ ಚದುರಿರುತ್ತದೆ. ಕಾಯಿ ಇದ್ದರಂತೂ ಅನುಮಾನವೇ ಉಳಿಯುವುದಿಲ್ಲ: ಜಾಲಿಯದು ಚಪ್ಪಟೆ, ದಪ್ಪ, ಹಣ್ಣಾದಾಗ ಹಳದಿ, ಬನ್ನಿಯದು ಸಣ್ಣ ಕಡ್ಡಿಯಂತೆ ತೆಳ್ಳಗೆ. ಹೂವು ದುಂಡನೆಯ ಹಳದಿ ಚೆಂಡಿನ ಹಾಗಿದ್ದು ಕಾಯಿ ಮಣಿಸರದಂತಿದ್ದರೆ ಅದು ಕರಿಜಾಲಿ. ಒಂದು ಮುಳ್ಳು ನೆಟ್ಟಗೆ, ಜೊತೆಯದು ಕೊಕ್ಕೆ, ಎಲೆಯ ಹಿಂಬದಿ ಬೆಳ್ಳಗೆ ಇದ್ದರೆ ಬೋರಿ.

ಕೀಳುವ ಕೆಲಸಕ್ಕೆ ನೆಲದ ಹದ ಮುಖ್ಯ. ಎರೆ ಒಣಗಿದ್ದರೆ ಗುದ್ದಲಿ ಪುಟಿಯುತ್ತದೆ, ಹಸಿಯಿದ್ದರೆ ಸಲಿಕೆಗೂ ಕಾಲಿಗೂ ಮೆತ್ತುತ್ತದೆ. ಮಳೆ ನಿಂತು ಎರಡು-ಮೂರು ದಿನಕ್ಕೆ, ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಿ ಬೆರಳು ತಾಗಿಸಿದರೆ ಒಡೆಯುವಾಗ ಶುರು ಮಾಡುತ್ತೇನೆ. ಗಿಡದಲ್ಲಿ ಹಣ್ಣಾದ ಕಾಯಿ ಇದ್ದರೆ ಮೊದಲು ಅವನ್ನು ಚೀಲಕ್ಕೆ ತುಂಬಬೇಕು. ಇಲ್ಲವಾದರೆ ಎಳೆದಾಡುವಾಗ ಅಂಗಳದ ತುಂಬ ಬಿತ್ತಿದಂತಾಗುತ್ತದೆ.

ಹವಾಯಿ ಚಪ್ಪಲಿ ಬೇಡ, ಮುಳ್ಳು ಅದರಲ್ಲಿ ಸಲೀಸಾಗಿ ದಾಟುತ್ತದೆ. ದಪ್ಪ ಅಟ್ಟೆಯ ಬೂಟು, ಚರ್ಮದ ಕೈಗವಸು, ಕಣ್ಣಿಗೆ ಕನ್ನಡಕ. ಟೊಂಗೆಗಳನ್ನು ಕೈಯಿಂದ ಮುಟ್ಟದೆ ಕವೆಗೋಲಿನಿಂದ ಒತ್ತಿ ಹಿಡಿದು, ಹೊರಗಿನಿಂದ ಒಳಕ್ಕೆ ಕಡಿಯುತ್ತ ಹೋಗಬೇಕು. ಮುಳ್ಳಿನ ತುದಿ ಮಾಂಸದೊಳಗೆ ಮುರಿದುಕೊಂಡರೆ ಬಾತು ಕೀವಾಗುತ್ತದೆ. ಅದನ್ನು ವೈದ್ಯರಿಂದಲೇ ತೆಗೆಸಿ, ಧನುರ್ವಾತದ ಚುಚ್ಚುಮದ್ದು ಹಾಕಿಸಿಕೊಳ್ಳಿ.

ಟೊಂಗೆ ಸವರಿದ ಮೇಲೆ ಕಾಂಡವನ್ನು ನೆಲಮಟ್ಟಕ್ಕೆ ಕಡಿಯಬೇಡಿ, 3 ಅಡಿ ಉಳಿಸಿ. ಅದೇ ಮುಂದೆ ಮೀಟುವುದಕ್ಕೆ ಹಿಡಿಕೆ. ಸುತ್ತ ಒಂದು ಅಡಿ ಬಿಟ್ಟು ಗುಂಡಿ ತೋಡಿ. ಅಡ್ಡಬೇರು ಸಿಕ್ಕಲ್ಲಿ ಕೊಡಲಿಯಿಂದ ಕತ್ತರಿಸಿ, ಇಬ್ಬರು ಸೇರಿ ಕಾಂಡವನ್ನು ನಾಲ್ಕೂ ದಿಕ್ಕಿಗೆ ಅಲುಗಾಡಿಸಿದರೆ ತಾಯಿಬೇರು ಎಲ್ಲಿ ಇಳಿದಿದೆ ಎಂದು ತಿಳಿಯುತ್ತದೆ. ಹಾರೆಯನ್ನು ಅದರ ಪಕ್ಕ ಇಳಿಸಿ, ನೆಲಮಟ್ಟದಿಂದ ಒಂದು ಅಡಿ ಕೆಳಗೆ ಬೇರು ಕಡಿಯಿರಿ.

ಒಂದು ಅಡಿಯ ಲೆಕ್ಕ ಯಾಕೆಂದರೆ, ಚಿಗುರುವ ಕಣ್ಣುಗಳು ಬೊಡ್ಡೆಯ ಮೇಲ್ಭಾಗದಲ್ಲಿ, ಮಣ್ಣಿನೊಳಗೆ ಕೆಲವು ಇಂಚಿನಷ್ಟು ಆಳದಲ್ಲೇ ಇವೆ. ಕಿತ್ತ ಬೊಡ್ಡೆಯನ್ನು ನೀರಿನಲ್ಲಿ ತೊಳೆದು ನೋಡಿದರೆ ಕಾಣುತ್ತದೆ: ಮೇಲುಗಡೆ ಮೊಡವೆಯಂತೆ ಸಣ್ಣ ಸಣ್ಣ ಗುಬುಟು, ಕೆಳಗೆ ನುಣ್ಣನೆಯ ಬೇರು. ಆ ನುಣ್ಣನೆಯ ಭಾಗ ಒಳಗೆ ಉಳಿದರೂ ಚಿಗುರದು, ಗುಬುಟಿನ ಭಾಗ ಹೆಬ್ಬೆರಳಷ್ಟು ಉಳಿದರೂ ಗಿಡ ಮತ್ತೆ ಬರುತ್ತದೆ. ಹಲವು ಸಲ ಸವರಿಸಿಕೊಂಡ ಗಿಡದಲ್ಲಿ ಈ ಭಾಗವೇ ದೊಡ್ಡ ಗಂಟಾಗಿರುತ್ತದೆ. ಅದು ಇಡಿಯಾಗಿ ಹೊರಬರಬೇಕು, ಸೀಳಿಕೊಂಡು ಅರ್ಧ ಬಂದರೆ ಕೆಲಸ ಮುಗಿದಿಲ್ಲ.

ಇಲ್ಲಿ ಹೆಚ್ಚು ಜನ ಎಡವುವುದು ಗರಸು ಹಾಕಿ ಏರಿಸಿದ ಪ್ಲಾಟಿನಲ್ಲಿ. ಗಿಡ ನಿಂತಿರುವಾಗಲೇ ಒಂದೂವರೆ ಅಡಿ ಗರಸು ಬಿದ್ದಿದ್ದರೆ ಬೊಡ್ಡೆ ಅದರ ಕೆಳಗೆ ಹುದುಗಿದೆ. ಹಳೆಯ ನೆಲ ಸಿಗುವವರೆಗೆ ತೋಡಿ, ಅಲ್ಲಿಂದ ಮತ್ತೆ ಒಂದು ಅಡಿ ಎಣಿಸಬೇಕು. ಜೆಸಿಬಿಯಿಂದ ಕೀಳಿಸಿದರೂ ಇದೇ ತಾಪತ್ರಯ: ಕಾಂಡ ಮುರಿದು ಬರುತ್ತದೆ, ಬೊಡ್ಡೆ ಒಳಗೇ ಉಳಿದು ಮೇಲೆ ಮಣ್ಣು ಸಮವಾಗುತ್ತದೆ, ಎಲ್ಲಿತ್ತು ಎಂಬ ಗುರುತೂ ಇರುವುದಿಲ್ಲ.

"ಬುಡಕ್ಕ ಬೆಂಕಿ ಹಚ್ಚಿದ್ರ ಮುಗೀತ್ರಿ" ಎನ್ನುವ ಕೂಲಿಯವರಿದ್ದಾರೆ. ಮೇಲಿನ ಬೆಂಕಿ ಮಣ್ಣಿನೊಳಗಿನ ಕಣ್ಣುಗಳಿಗೆ ತಲುಪುವುದಿಲ್ಲ. ಉಪ್ಪು ಸುರಿಯುವುದು ಇನ್ನೂ ಕೆಟ್ಟದ್ದು, ಆ ಜಾಗದಲ್ಲಿ ಬೇರೆ ಗಿಡವೂ ಏಳದಂತಾಗುತ್ತದೆ. ಎಲೆಗೆ ಕಳೆನಾಶಕ ಹೊಡೆದರೆ ಎಲೆ ಉದುರಿ ಮತ್ತೆ ಬರುತ್ತದೆ.

ಕಡಿದ ಮುಳ್ಳನ್ನು ಅದೇ ದಿನ ಸಾಗಿಸಿ, ಒಣಗಿದ ಮೇಲೆ ಅದು ಮಣ್ಣಿನಲ್ಲಿ ಕಾಣದಂತೆ ಸೇರಿ ಸೈಕಲ್ ಗಾಲಿಗೂ ಕಾಲಿಗೂ ಸಿಗುತ್ತದೆ. ದಪ್ಪ ಕಟ್ಟಿಗೆ ಒಳ್ಳೆಯ ಉರುವಲು, ಕೇಳಿ ಒಯ್ಯುವವರಿಗೆ ಕೊಡಿ. ಕಾಯಿಯ ಚೀಲ ಮಾತ್ರ ತಿಪ್ಪೆಗೆ ಹೋಗಬಾರದು, ದನ-ಕುರಿಗಳಿಗೂ ಹಾಕಬಾರದು. ಸಿಹಿ ಕಾಯಿ ಎಂದು ಅವು ತಿನ್ನುತ್ತವೆ. ಬೀಜದ ಸಿಪ್ಪೆ ಹೊಟ್ಟೆಯಲ್ಲಿ ಮೆತ್ತಗಾಗಿ, ಸಗಣಿಯಲ್ಲಿ ಹೊರಬಿದ್ದು ಚೆನ್ನಾಗಿ ಮೊಳೆಯುತ್ತದೆ. ಹಸಿ ಕುರಿಗೊಬ್ಬರ ಹಾಕಿದ ಹಿತ್ತಲಲ್ಲಿ ಜಾಲಿ ಸಸಿ ಸಾಲಾಗಿ ಏಳುವುದು ಇದರಿಂದಲೇ. ಗೊಬ್ಬರ ಪೂರಾ ಕಳಿತು ಬಿಸಿಯಾಗಿ ಆರಿದ ಮೇಲೆ ಹಾಕಿ, ಆದರೂ ಮಡಿಯ ಮೇಲೆ ಕಣ್ಣಿರಲಿ.

ಉಳಿದ ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುತ್ತದೆ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ತಿರುಗಿ ನೋಡಿ, ಸಸಿ ಗೇಣುದ್ದ ಆಗುವ ಮೊದಲೇ ಕೀಳಿ. ಬುಡ ಹಿಡಿದು ನೆಟ್ಟಗೆ ಎಳೆಯಿರಿ, ಓರೆ ಎಳೆದರೆ ತಾಯಿಬೇರು ಬಾರದೆ ಬುಡವೇ ತುಂಡಾಗುತ್ತದೆ. ತುಂಡಾದರೆ ಖುರ್ಪಿಯಿಂದ ಎರಡು ಇಂಚು ಕೆಳಗೆ ಕತ್ತರಿಸಿ. ಎಳೆ ಜಾಲಿ ನೆರಳು ತಡೆಯದು, ಅದಕ್ಕೇ ಗುಂಡಿ ಮುಚ್ಚಿದ ಜಾಗದಲ್ಲಿ ನಾನು ಆ ಮಳೆಗಾಲವೇ ನುಗ್ಗೆ, ಹೊಂಗೆ ಹಚ್ಚುತ್ತೇನೆ. ಅವು ನೆರಳಾಗುವವರೆಗೆ ನಡುವೆ ಅಲಸಂದಿ ಬಳ್ಳಿ ಹಬ್ಬಿಸುತ್ತೇನೆ.