ಕೆಮ್ಮು ಜ್ವರದವರ ಮೂತ್ರ ಅಳೆಯೋಕೆ ಶುರು ಮಾಡಿದ್ದು

ಫ್ಲೂ ಜ್ವರ ಜೋರಾಗಿ ವಾರ್ಡಿಗೆ ಸೇರಿದವರನ್ನು ನೋಡುವಾಗ ನಮ್ಮ ಗಮನವೆಲ್ಲ ಎದೆಯ ಮೇಲೇ ಇರುತ್ತದೆ. ಆಕ್ಸಿಜನ್ ಎಷ್ಟಿದೆ, ನಿಮಿಷಕ್ಕೆ ಉಸಿರು ಎಷ್ಟು, ಎಕ್ಸ್‌ರೇ ಹೇಗಿದೆ. ನಾನೂ ವರ್ಷಗಟ್ಟಲೆ ಹೀಗೇ ರೌಂಡ್ಸ್ ಮಾಡಿದೆ. ಆ ಅಭ್ಯಾಸ ಬದಲಾಗಿದ್ದು ಒಬ್ಬ ರೋಗಿಯಿಂದ.

ಅವರಿಗೆ 64 ವರ್ಷ, ತೂಕ 60 ಕಿಲೋ. ನಾಲ್ಕು ದಿನದಿಂದ ಜ್ವರ, ಕೆಮ್ಮು, ಮೈಕೈ ನೋವು. ಇನ್‌ಫ್ಲುಯೆಂಜಾ ಪರೀಕ್ಷೆ ಪಾಸಿಟಿವ್ ಬಂದಿತ್ತು. ಎದೆಯಲ್ಲಿ ಸ್ವಲ್ಪ ಸದ್ದು, ಆಕ್ಸಿಜನ್ 95. ರಕ್ತದ ರಿಪೋರ್ಟಿನಲ್ಲಿ ಕ್ರಿಯೇಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ, ಇದು ಏರಿದರೆ ಕಿಡ್ನಿಯ ಕೆಲಸ ಕುಗ್ಗಿದೆ ಅಂತ) 1.4 ಇತ್ತು. ವಯಸ್ಸಾಗಿದೆ, ಇಷ್ಟು ಇರಬಹುದು ಅಂದುಕೊಂಡು ಮುಂದೆ ಹೋದೆ. ಹಳೇ ರಿಪೋರ್ಟ್ ಇದೆಯಾ ಅಂತ ಕೇಳಲಿಲ್ಲ. ಅದು ನನ್ನ ತಪ್ಪು.

ಮೂರನೇ ದಿನ ಬೆಳಿಗ್ಗೆ ಅವರ ಆಕ್ಸಿಜನ್ ಚೆನ್ನಾಗಿತ್ತು, ಜ್ವರವೂ ಇಳಿದಿತ್ತು. ಆದರೆ ಮಂಕಾಗಿ ಮಲಗಿದ್ದರು. ಪಕ್ಕದಲ್ಲಿದ್ದ ಮಗಳು ಹಿಂಜರಿಯುತ್ತಾ ಹೇಳಿದರು, ‘ಡಾಕ್ಟ್ರೇ, ಅಪ್ಪ ನಿನ್ನೆ ಮಧ್ಯಾಹ್ನದಿಂದ ಒಂದೇ ಒಂದು ಸಲ ಮೂತ್ರಕ್ಕೆ ಹೋಗಿದ್ದಾರೆ. ಅದೂ ಸ್ವಲ್ಪವೇ.’

ಆ ದಿನದ ಕ್ರಿಯೇಟಿನಿನ್ 2.8. ಮಗಳ ಫೋನಿನಲ್ಲಿ ಹಳೇ ರಿಪೋರ್ಟಿನ ಫೋಟೋ ಸಿಕ್ಕಿತು. ಮೂರು ತಿಂಗಳ ಹಿಂದೆ 0.9 ಇತ್ತು. ಅಂದರೆ ನಾನು ಪರವಾಗಿಲ್ಲ ಅಂದುಕೊಂಡ 1.4 ಆಗಲೇ ಒಂದೂವರೆ ಪಟ್ಟು ದಾಟಿತ್ತು. ವಾರದೊಳಗೆ ಒಂದೂವರೆ ಪಟ್ಟು ಏರಿದರೆ, ಅಥವಾ 48 ಗಂಟೆಯಲ್ಲಿ 0.3 ಏರಿದರೆ, ಕಿಡ್ನಿಗೆ ದಿಢೀರ್ ಪೆಟ್ಟು ಬಿದ್ದಿದೆ ಅಂತಲೇ ಲೆಕ್ಕ. ಲ್ಯಾಬ್ ಹಾಳೆಯ ನಾರ್ಮಲ್ ಅಂಕಿಗಿಂತ ಆ ರೋಗಿಯದೇ ಹಳೇ ಅಂಕಿ ಮುಖ್ಯ.

ಬೆಡ್ ಪಕ್ಕದ ಸ್ಟೂಲಿನ ಮೇಲೆ ಕೂತು ಮಾತ್ರೆಗಳ ಚೀಲ ಬಿಚ್ಚಿ ಸುರಿದೆವು. ಬಿಪಿಗೆ ಟೆಲ್ಮಿಸಾರ್ಟಾನ್, ಅದರ ಜೊತೆಗೇ ಮೂತ್ರ ಹೆಚ್ಚಿಸುವ ಔಷಧಿ ಸೇರಿದ ಮಾತ್ರೆ. ಚೀಲದ ತಳದಲ್ಲಿ ಅರ್ಧ ಖಾಲಿಯಾದ ಡೈಕ್ಲೋಫೆನಾಕ್ ಪಟ್ಟಿ. ಮೈಕೈ ನೋವಿಗೆ ಅಂತ ಅಂಗಡಿಯಿಂದ ತಂದದ್ದು. ವಾರ್ಡಿಗೆ ಬಂದ ಮೇಲೂ ನುಂಗುತ್ತಿದ್ದರು. ನಾವು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ.

ಇಲ್ಲಿ ಏನಾಗುತ್ತದೆ ಅನ್ನೋದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹೃದಯ ಪಂಪ್ ಮಾಡುವ ರಕ್ತದಲ್ಲಿ ಸುಮಾರು ಐದನೇ ಒಂದು ಭಾಗ ಕಿಡ್ನಿಗಳಿಗೇ ಹೋಗುತ್ತದೆ. ದಿನಕ್ಕೆ ಸುಮಾರು 180 ಲೀಟರ್ ಸೋಸಿ, ಬಹುಪಾಲು ವಾಪಸ್ ಹೀರಿಕೊಂಡು, ಒಂದೂವರೆ ಲೀಟರಿನಷ್ಟು ಹೊರಗೆ ಬಿಡುತ್ತವೆ. ಈ ಸೋಸುವಿಕೆ ನಡೆಯೋಕೆ ಒತ್ತಡ ಬೇಕು. ಜ್ವರದಲ್ಲಿ ಬೆವರು, ವೇಗದ ಉಸಿರು, ಊಟ ನೀರು ಬೇಡ ಅನ್ನಿಸುವುದು, ಇವೆಲ್ಲ ಸೇರಿ ಮೈಯಲ್ಲಿ ನೀರು ಕಡಿಮೆಯಾಗುತ್ತದೆ. ಮೂತ್ರದ ಮಾತ್ರೆ ಅದನ್ನು ಇನ್ನೂ ಕಡಿಮೆ ಮಾಡುತ್ತದೆ. ಆಗ ಕಿಡ್ನಿ ತನ್ನನ್ನು ತಾನೇ ಕಾಪಾಡಿಕೊಳ್ಳಲು, ಸೋಸುವ ಗಂಟಿಗೆ ರಕ್ತ ತರುವ ನಾಳವನ್ನು ಅಗಲ ಮಾಡಿ, ಹೊರಗೆ ಒಯ್ಯುವ ನಾಳವನ್ನು ಕಿರಿದು ಮಾಡುತ್ತದೆ. ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ ಆ ಒಳನಾಳ ಅಗಲವಾಗದಂತೆ ತಡೆಯುತ್ತದೆ. ಟೆಲ್ಮಿಸಾರ್ಟಾನ್ ಹೊರನಾಳ ಕಿರಿದಾಗದಂತೆ ತಡೆಯುತ್ತದೆ. ಕಾಪಾಡಿಕೊಳ್ಳುವ ಈ ಎರಡೂ ಉಪಾಯ ಕೈಕೊಟ್ಟರೆ ಸೋಸುವ ಒತ್ತಡ ಕುಸಿಯುತ್ತದೆ. ಟೆಲ್ಮಿಸಾರ್ಟಾನ್ ಕೆಟ್ಟದ್ದು ಅಂತಲ್ಲ. ಬೇರೆ ದಿನಗಳಲ್ಲಿ ಅದು ಕಿಡ್ನಿಯನ್ನು ಕಾಪಾಡುವ ಔಷಧಿಯೇ.

ಮೂರನ್ನೂ ನಿಲ್ಲಿಸಿದೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು ಅಂದೆ. ಡ್ರಿಪ್ ಕೊಟ್ಟಿದ್ದು ಹುಷಾರಾಗಿ. ಶ್ವಾಸಕೋಶಕ್ಕೆ ಸೋಂಕು ತಗುಲಿದವರಿಗೆ ನೀರು ಜಾಸ್ತಿ ಹೋದರೆ ಉಸಿರಿಗೇ ಕಷ್ಟ. ಅದಕ್ಕೆ ಅರ್ಧ ಲೀಟರ್ ಕೊಡುವುದು, ಎದೆ ಕೇಳುವುದು, ಮತ್ತೆ ಯೋಚಿಸುವುದು. ಫ್ಲೂಗೆ ಕೊಡುತ್ತಿದ್ದ ಓಸೆಲ್ಟಾಮಿವಿರ್ ಕೂಡ ಕಿಡ್ನಿ ಮೂಲಕವೇ ಹೊರಹೋಗುವ ಔಷಧಿ. ದಿನಕ್ಕೆರಡು ಸಲ 75 ಮಿಲಿಗ್ರಾಂ ಇದ್ದದ್ದನ್ನು ದಿನಕ್ಕೊಂದು ಸಲ 30ಕ್ಕೆ ಇಳಿಸಿದೆ.

ಸಿಸ್ಟರ್ ಒಂದು ಅಳತೆ ಜಾರ್ ತಂದು ಮಂಚದ ಕೆಳಗಿಟ್ಟರು. 60 ಕಿಲೋ ತೂಕದವರಿಗೆ ಗಂಟೆಗೆ 30 ಮಿಲಿಯಾದರೂ ಮೂತ್ರ ಬರಬೇಕು. ಆರು ಗಂಟೆಗೆ 180. ಮೊದಲ ಆರು ಗಂಟೆಯಲ್ಲಿ ಬಂದದ್ದು 110, ದಟ್ಟ ಹಳದಿ. ರಾತ್ರಿ ಹೊತ್ತಿಗೆ 200. ಮರುದಿನ ಬೆಳಿಗ್ಗೆ ಮಗಳೇ ಜಾರ್ ಎತ್ತಿ ಬೆಳಕಿಗೆ ಹಿಡಿದು ತೋರಿಸಿದರು. 400, ಬಣ್ಣವೂ ತಿಳಿಯಾಗಿತ್ತು. ಕ್ರಿಯೇಟಿನಿನ್ ಇಳಿದದ್ದು ಅದಾದ ಮೇಲೆಯೇ. ಅದು ಏರುವುದೂ ತಡ, ಇಳಿಯುವುದೂ ತಡ. ಜಾರ್ ಮೊದಲು ಹೇಳುತ್ತದೆ.

ಅಂದಿನಿಂದ ಶ್ವಾಸದ ಸೋಂಕಿನಿಂದ ಬಂದ ಪ್ರತಿಯೊಬ್ಬರಿಗೂ ಮೂರು ಪ್ರಶ್ನೆ ಕೇಳುತ್ತೇನೆ. ಕೊನೆಗೆ ಮೂತ್ರಕ್ಕೆ ಹೋಗಿದ್ದು ಯಾವಾಗ? ಬಣ್ಣ ಹೇಗಿತ್ತು? ನೋವಿಗೆ ಏನು ನುಂಗಿದ್ದೀರಿ?

ಬಣ್ಣದ ಪ್ರಶ್ನೆ ಸುಮ್ನೆ ಅಲ್ಲ. ಒಬ್ಬ ಹುಡುಗ ಫ್ಲೂ ಬಂದ ಐದನೇ ದಿನ ಮೀನಖಂಡ ಮುಟ್ಟೋಕೂ ಬಿಡುತ್ತಿರಲಿಲ್ಲ. ಮೂತ್ರ ಕಪ್ಪು ಚಹಾದ ಹಾಗಿದೆ ಅಂದ. ಮೂತ್ರದಲ್ಲಿ ಪರೀಕ್ಷೆಯ ಪಟ್ಟಿ ಅದ್ದಿ ನೋಡಿದರೆ ‘ರಕ್ತ ಇದೆ’ ಅನ್ನುತ್ತದೆ. ಸೂಕ್ಷ್ಮದರ್ಶಕದಲ್ಲಿ ಕೆಂಪು ರಕ್ತಕಣವೇ ಇಲ್ಲ. ಹಾಗಾದರೆ ಅದು ಸ್ನಾಯುವಿನಿಂದ ಸೋರಿದ ಮಯೋಗ್ಲೋಬಿನ್ ಇರಬೇಕು. ಸ್ನಾಯು ಒಡೆದಾಗ ರಕ್ತದಲ್ಲಿ ಏರುವ ಕಿಣ್ವವನ್ನು ಅಳೆಯುವ ಸಿಕೆ ಪರೀಕ್ಷೆಯಲ್ಲಿ ಅದು ಖಚಿತವಾಯಿತು. ವೈರಸ್ ಸೋಂಕಿನಲ್ಲಿ ಅಪರೂಪಕ್ಕೆ ಸ್ನಾಯು ಹೀಗೆ ಒಡೆಯುತ್ತದೆ. ಅದರ ಪ್ರೋಟೀನು ಕಿಡ್ನಿಯ ಸಣ್ಣ ನಳಿಕೆಗಳನ್ನು ಕಟ್ಟಿಬಿಡುತ್ತದೆ. ಅವನಿಗೆ ಮಾತ್ರ ಡ್ರಿಪ್ ಧಾರಾಳವಾಗಿಯೇ ಬೇಕಿತ್ತು. ಅವನ ಎದೆ ಸ್ವಚ್ಛವಾಗಿತ್ತು, ಹಾಗಾಗಿ ಧೈರ್ಯವಾಗಿ ಕೊಟ್ಟೆವು.

ಗಂಟಲು ನೋವು ಬಂದ ಒಂದೆರಡು ದಿನದಲ್ಲೇ ಮೂತ್ರ ಕೆಂಪಾದರೆ ಐಜಿಎ ನೆಫ್ರೋಪತಿ (ಐಜಿಎ ಅನ್ನೋ ರೋಗನಿರೋಧಕ ಪ್ರೋಟೀನು ಕಿಡ್ನಿಯ ಸೋಸುವ ಗಂಟಿನಲ್ಲಿ ಕೂರುವ ಕಾಯಿಲೆ) ಅನುಮಾನಿಸುತ್ತೇನೆ. ಒಂದೆರಡು ವಾರ ಬಿಟ್ಟು ಕೆಂಪಾದರೆ ಅದು ವೈರಸ್ಸಿಗಿಂತ ಸ್ಟ್ರೆಪ್ಟೋಕಾಕಸ್ ಬ್ಯಾಕ್ಟೀರಿಯಾದ ಸೋಂಕಿನ ಬೆನ್ನಿಗೆ ಬರುವ ಕಿಡ್ನಿ ತೊಂದರೆ ಇರಬಹುದು. ಈ ದಿನಗಳ ಲೆಕ್ಕವನ್ನು ರೋಗಿಯ ಬಾಯಿಂದಲೇ ಬಿಡಿಸಿ ಕೇಳಬೇಕು. ಕೋವಿಡ್ ಕಾಲದಲ್ಲಿ ಐಸಿಯು ಸೇರಿದ ಎಷ್ಟೋ ಜನರಿಗೆ ಡಯಾಲಿಸಿಸ್ ಬೇಕಾಯಿತು. ಅಲ್ಲಿ ಬಿಪಿ ಕುಸಿತ, ಮೈಯೆಲ್ಲ ಉರಿಯೂತ, ರಕ್ತ ಹೆಪ್ಪುಗಟ್ಟುವುದು ಎಲ್ಲವೂ ಒಟ್ಟಿಗೆ ಕೆಲಸ ಮಾಡುತ್ತಿದ್ದವು.

ಆ 64ರ ಹಿರಿಯರು ಕ್ರಿಯೇಟಿನಿನ್ 1.5ಕ್ಕೆ ಇಳಿದ ಮೇಲೆ ಮನೆಗೆ ಹೋದರು. ಬಿಪಿ ಮಾತ್ರೆಯನ್ನು ಒಂದು ವಾರದ ನಂತರ, ರಕ್ತ ಪರೀಕ್ಷೆ ನೋಡಿಕೊಂಡು ಮತ್ತೆ ಶುರು ಮಾಡಿದೆ. ಈ ಹಂತವನ್ನು ಮರೆಯಲೇಬಾರದು. ನಿಲ್ಲಿಸಿದ ಮಾತ್ರೆ ನಿಂತೇ ಹೋದರೆ ಬಿಪಿಯೇ ಕಿಡ್ನಿಯನ್ನು ಹಾಳು ಮಾಡುತ್ತದೆ. ಮೂರು ತಿಂಗಳಿಗೆ ಬಂದಾಗ ಕ್ರಿಯೇಟಿನಿನ್ 1.0, ಮೂತ್ರದಲ್ಲಿ ಪ್ರೋಟೀನ್ ಇರಲಿಲ್ಲ. ಅವತ್ತೇ ಫ್ಲೂ ಲಸಿಕೆ ಹಾಕಿಸಿದೆವು. ಮಗಳು ಒಂದು ಕಾರ್ಡ್ ಮುಂದಿಟ್ಟರು. ಜ್ವರ ಬಂದು ಊಟ ನೀರು ಸೇರದ ದಿನ ಯಾವ ಮಾತ್ರೆ ನಿಲ್ಲಿಸಿ ಫೋನ್ ಮಾಡಬೇಕು, ಅದರಲ್ಲಿ ಬರೆದುಕೊಡಿ ಅಂದರು. ಬರೆದುಕೊಟ್ಟೆ.