ಬಾಯಿಮಾತು ಬೇಡ, ಬರೆದು ಕೊಡಿ: ಅಮೆರಿಕದ ಶಾಲೆಯಲ್ಲಿ ಮಗುವಿಗೆ ವಿಶೇಷ ಶಿಕ್ಷಣ ಪಡೆಯುವುದು ಹೇಗೆ?

ಮಗು ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ, ಅಕ್ಷರ ತಲೆಗೆ ಹತ್ತುತ್ತಿಲ್ಲ, ತರಗತಿಯಲ್ಲಿ ಒಂದು ಕಡೆ ಕೂರುವುದಿಲ್ಲ. ಟೀಚರ್ ಹತ್ತಿರ ಹೇಳಿಕೊಂಡರೆ 'ಇನ್ನೊಂದಿಷ್ಟು ದಿನ ನೋಡೋಣ' ಎನ್ನುತ್ತಾರೆ. ನಾವು ತಲೆಯಾಡಿಸಿ ಮನೆಗೆ ಬರುತ್ತೇವೆ. ಮೇಷ್ಟ್ರಿಗೆ ಎದುರು ಮಾತಾಡಬಾರದು ಎಂದು ಹೇಳಿಸಿಕೊಂಡೇ ಬೆಳೆದವರಲ್ಲವೇ! ನನ್ನ ಮಗನ ವಿಷಯದಲ್ಲಿ ಹೀಗೆ ತಲೆಯಾಡಿಸುತ್ತಲೇ ಒಂದೂವರೆ ವರ್ಷ ಕಳೆದುಬಿಟ್ಟೆ. ಇಲ್ಲಿನ ಕಾನೂನು ಗೊತ್ತಿದ್ದಿದ್ದರೆ ಅಷ್ಟು ಕಾಲ ಹೋಗುತ್ತಿರಲಿಲ್ಲ. ಅಮೆರಿಕದ ಪಬ್ಲಿಕ್ ಶಾಲೆಗೆ ಮಕ್ಕಳನ್ನು ಕಳಿಸುವ ಕನ್ನಡದ ಅಪ್ಪ ಅಮ್ಮಂದಿರಿಗೆ ನನ್ನ ಗತಿ ಬಾರದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ಸಂಕೋಚ ಬಿಡಿ

ಶಾಲೆಯವರು ಮಾಡುವುದು ಉಪಕಾರವಲ್ಲ. ಇದು ಮನಸ್ಸಿಗೆ ಇಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1950ರ ದಶಕದ ಆರಂಭ, ನ್ಯೂಯಾರ್ಕಿನ ಬ್ರೂಕ್ಲಿನ್. ಜೂಡಿ ಹ್ಯೂಮನ್ ಎಂಬ ಐದು ವರ್ಷದ ಹುಡುಗಿಯನ್ನು ಅವಳ ತಾಯಿ ಶಾಲೆಗೆ ಕರೆದೊಯ್ದರು. ಪೋಲಿಯೊದಿಂದಾಗಿ ಅವಳು ಗಾಲಿಕುರ್ಚಿಯಲ್ಲಿದ್ದಳು. 'ಬೆಂಕಿ ಬಿದ್ದರೆ ಈ ಮಗುವಿನಿಂದ ಅಪಾಯ' ಎಂದು ಮುಖ್ಯೋಪಾಧ್ಯಾಯರು ಬಾಗಿಲಲ್ಲೇ ವಾಪಸ್ ಕಳಿಸಿದರು. ಬದಲಿಗೆ ಮನೆಗೆ ಟೀಚರ್ ಬಂದರು, ವಾರಕ್ಕೆ ಎರಡೂವರೆ ಗಂಟೆ ಮಾತ್ರ. ಉಳಿದ ಮಕ್ಕಳು ಒಂದು ಬೆಳಿಗ್ಗೆ ಕಲಿಯುವಷ್ಟನ್ನು ಆ ಹುಡುಗಿ ಇಡೀ ವಾರದಲ್ಲಿ ಕಲಿಯಬೇಕಿತ್ತು. ಅವಳು ತರಗತಿಯ ಮುಖ ನೋಡಿದ್ದು ಒಂಬತ್ತನೇ ವಯಸ್ಸಿನಲ್ಲಿ.

ಅದು ಯಾರೋ ಒಬ್ಬ ಮುಖ್ಯೋಪಾಧ್ಯಾಯರ ಕಲ್ಲುಮನಸ್ಸಿನ ಕತೆಯಲ್ಲ. ಪೆನ್ಸಿಲ್ವೇನಿಯಾದಲ್ಲಿ ಐದು ವರ್ಷದ ಮಗುವಿನಷ್ಟು ಬುದ್ಧಿ ಬೆಳೆಯದ ಮಕ್ಕಳನ್ನು ಸೇರಿಸಿಕೊಳ್ಳದಿರಲು ಕಾನೂನೇ ಶಾಲೆಗಳಿಗೆ ಅವಕಾಶ ಕೊಟ್ಟಿತ್ತು. 1971ರಲ್ಲಿ ಅಲ್ಲಿನ ಪೋಷಕರ ಸಂಘ ಕೋರ್ಟಿಗೆ ಹೋಯಿತು. ಕೊನೆಗೆ ರಾಜ್ಯವೇ ರಾಜಿಗೆ ಬಂದು, ಅಂಥ ಮಕ್ಕಳಿಗೂ ಉಚಿತವಾಗಿ ಕಲಿಸಲು ಒಪ್ಪಿತು. ಮರುವರ್ಷ ವಾಷಿಂಗ್ಟನ್ ನಗರದ ಏಳು ಮಕ್ಕಳ ಪರವಾಗಿ ಹೂಡಿದ್ದ ಮಿಲ್ಸ್ ಮೊಕದ್ದಮೆಯ ತೀರ್ಪು ಬಂತು. ನಮ್ಮ ಹತ್ತಿರ ಹಣವಿಲ್ಲ ಎಂದು ಶಿಕ್ಷಣ ಮಂಡಳಿ ವಾದಿಸಿತ್ತು. ನ್ಯಾಯಾಧೀಶರು ಒಪ್ಪಲಿಲ್ಲ. ಹಣ ಸಾಲದಿದ್ದರೆ ಆ ಕೊರತೆ ಎಲ್ಲ ಮಕ್ಕಳಿಗೂ ಸಮನಾಗಿ ತಟ್ಟಲಿ, ಇವರ ತಲೆಗೇ ಕಟ್ಟಬೇಡಿ ಎಂಬುದು ಆ ತೀರ್ಪಿನ ಸಾರ. 'ಬಜೆಟ್ ಇಲ್ಲ' ಎಂಬ ಮಾತು ಇವತ್ತೂ ಮೀಟಿಂಗುಗಳಲ್ಲಿ ಕಿವಿಗೆ ಬೀಳುತ್ತದೆ. ಬಿದ್ದಾಗ ಆ ಏಳು ಮಕ್ಕಳನ್ನು ನೆನೆಯಿರಿ.

ಆಗ ಅಮೆರಿಕದಲ್ಲಿ ಅಂಗವೈಕಲ್ಯವಿದ್ದ 80 ಲಕ್ಷಕ್ಕೂ ಹೆಚ್ಚು ಮಕ್ಕಳಿದ್ದು, ಅವರಲ್ಲಿ 10 ಲಕ್ಷ ಮಕ್ಕಳು ಪಬ್ಲಿಕ್ ಶಾಲೆಯಿಂದ ಪೂರ್ತಿ ಹೊರಗಿದ್ದಾರೆ ಎಂದು ಸಂಸತ್ತೇ ದಾಖಲಿಸಿತು. 1975ರ ನವೆಂಬರ್ 29ರಂದು ಇಂಥ ಮಕ್ಕಳಿಗೂ ಪಬ್ಲಿಕ್ ಶಾಲೆ ಉಚಿತವಾಗಿ ಕಲಿಸಲೇಬೇಕು ಎಂಬ ಹೊಸ ಕಾಯ್ದೆಗೆ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಸಹಿ ಹಾಕಿದರು. 1990ರಲ್ಲಿ ಅದರ ಹೆಸರು 'ಐಡಿಇಎ' (ಇಂಡಿವಿಜುವಲ್ಸ್ ವಿತ್ ಡಿಸೆಬಿಲಿಟೀಸ್ ಎಜುಕೇಶನ್ ಆಕ್ಟ್) ಎಂದಾಯಿತು, ಅದರಲ್ಲಿನ ಅಂಗವೈಕಲ್ಯಗಳ ಪಟ್ಟಿಗೆ ಆಟಿಸಂ ಕೂಡ ಸೇರಿತು. ನೀವು ಕೇಳಬೇಕಿರುವುದು ಈ ಕಾಯ್ದೆಯ ಕೆಳಗೆ. ವೀಸಾದ ಚಿಂತೆ ಬೇಡ. ವಲಸೆಯ ಕಾಗದಪತ್ರ ಸರಿಯಿಲ್ಲ ಎಂಬ ಕಾರಣಕ್ಕೆ ಮಕ್ಕಳನ್ನು ಪಬ್ಲಿಕ್ ಶಾಲೆಯಿಂದ ದೂರ ಇಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ.

ಎರಡನೇ ಹೆಜ್ಜೆ: ಪತ್ರ

ಕಾರಿಡಾರಿನಲ್ಲಿ ಟೀಚರ್ ಹತ್ತಿರ ಆಡಿದ ಮಾತಿಗೆ ದಾಖಲೆ ಇರುವುದಿಲ್ಲ. ಪ್ರಿನ್ಸಿಪಾಲರಿಗೂ ವಿಶೇಷ ಶಿಕ್ಷಣ ವಿಭಾಗಕ್ಕೂ ತಾರೀಖು ಹಾಕಿ ಇಮೇಲ್ ಕಳಿಸಿ. ನಾಲ್ಕು ಸಾಲು ಸಾಕು: 'ನನ್ನ ಮಗ ಎರಡನೇ ತರಗತಿಯಲ್ಲಿದ್ದಾನೆ. ಮೂರಕ್ಷರದ ಪದಗಳನ್ನೂ ತಡವರಿಸಿ ಓದುತ್ತಾನೆ, ಓದಲು ಹೇಳಿದರೆ ಅಳುತ್ತಾನೆ. ಅವನಿಗೆ ಅಂಗವೈಕಲ್ಯ ಇರಬಹುದೆಂಬ ಅನುಮಾನವಿದೆ. ಐಡಿಇಎ ಅಡಿಯಲ್ಲಿ ಸಂಪೂರ್ಣ ಇವ್ಯಾಲ್ಯುಯೇಷನ್ ಮಾಡಬೇಕೆಂದು ಕೋರುತ್ತೇನೆ.' ಡಾಕ್ಟರ ಚೀಟಿ ಇದ್ದರೆ ಲಗತ್ತಿಸಿ, ಇಲ್ಲದಿದ್ದರೆ ಅದಕ್ಕಾಗಿ ಕಾಯಬೇಡಿ.

ಶಾಲೆ ಒಪ್ಪಬಹುದು, ಒಪ್ಪದಿರಬಹುದು. ಒಪ್ಪದಿದ್ದರೆ ಕಾರಣವನ್ನು ಬರಹದಲ್ಲೇ ಕೊಡಬೇಕು. 'ನೋಡೋಣ' ಎಂದು ಸಾಗಹಾಕುವ ಹಾದಿ ಮುಚ್ಚುವುದು ಇಲ್ಲಿ. (ಮಗುವಿಗೆ ಇನ್ನೂ ಮೂರು ತುಂಬದಿದ್ದರೆ ಶಾಲೆಗಲ್ಲ, ಪುಟ್ಟ ಮಕ್ಕಳಿಗೆ ನೆರವಾಗುವ ನಿಮ್ಮ ರಾಜ್ಯದ 'ಅರ್ಲಿ ಇಂಟರ್ವೆನ್ಷನ್' ವಿಭಾಗಕ್ಕೆ ಫೋನ್ ಮಾಡಿ.)

ಮೂರನೇ ಹೆಜ್ಜೆ: ಪರೀಕ್ಷೆ

ಇವ್ಯಾಲ್ಯುಯೇಷನ್ ಎಂದರೆ ಮಗುವಿಗೆ ತೊಂದರೆ ಇದೆಯೇ, ವಿಶೇಷ ಶಿಕ್ಷಣ ಬೇಕೇ ಎಂದು ನೋಡುವ ಪರೀಕ್ಷೆಗಳು. ನಿಮ್ಮ ಲಿಖಿತ ಒಪ್ಪಿಗೆ ಶಾಲೆಗೆ ಸಿಕ್ಕ ದಿನದಿಂದ 60 ದಿನದೊಳಗೆ ಅವು ಮುಗಿಯಬೇಕು. ಕೆಲವು ರಾಜ್ಯಗಳು ತಮ್ಮದೇ ಗಡುವು ಇಟ್ಟುಕೊಂಡಿವೆ, ವಿಚಾರಿಸಿಕೊಳ್ಳಿ. ಖರ್ಚೆಲ್ಲ ಶಾಲೆಯದು.

ಮನೆಯಲ್ಲಿ ಕನ್ನಡ ಆಡುವವರು ಇಲ್ಲಿ ಎಚ್ಚರವಾಗಿರಬೇಕು. 'ಎರಡು ಭಾಷೆ ಅಲ್ವಾ, ಅದಕ್ಕೇ ಮಾತು ತಡ' ಎಂದು ಹೇಳಿ ಕಳಿಸಿಬಿಡುವುದುಂಟು. ಹಾಗೆಂದು ಮನೆಯಲ್ಲಿ ಕನ್ನಡ ನಿಲ್ಲಿಸಬೇಡಿ. ಮಗುವಿನ ಸಾಮರ್ಥ್ಯ ಸರಿಯಾಗಿ ಗೊತ್ತಾಗುವ ಭಾಷೆಯಲ್ಲಿ, ಸಾಧ್ಯವಿದ್ದಷ್ಟೂ, ಪರೀಕ್ಷೆ ನಡೆಸಬೇಕೆಂದು ಕಾಯ್ದೆ ಹೇಳುತ್ತದೆ. ಅಜ್ಜಿಯ ಜೊತೆ ಮಗು ಕನ್ನಡದಲ್ಲಿ ಎಷ್ಟು ಪದ ಆಡುತ್ತದೆ ಎಂದು ಒಂದು ವಾರ ಬರೆದಿಟ್ಟು ಪರೀಕ್ಷಕರಿಗೆ ಕೊಡಿ. ನಾನು ಕೊಟ್ಟ ಆ ಚೀಟಿಯಿಂದಲೇ, ತೊಂದರೆ ಎರಡೂ ಭಾಷೆಯಲ್ಲಿದೆ ಎಂಬುದು ಅವರಿಗೆ ಮನದಟ್ಟಾಯಿತು.

ನಾಲ್ಕನೇ ಹೆಜ್ಜೆ: ಐಇಪಿ ಮೀಟಿಂಗ್

ಮಗು ಅರ್ಹವೆಂದಾದರೆ 30 ದಿನದೊಳಗೆ ಐಇಪಿ, ಅಂದರೆ ಆ ಒಂದು ಮಗುವಿಗೆಂದೇ ಬರೆದ ಕಲಿಕೆಯ ಯೋಜನೆ, ತಯಾರಿಸಲು ಸಭೆ ಸೇರಬೇಕು. ಮೇಜಿನ ಆ ಕಡೆ ಐದಾರು ಜನ, ಈ ಕಡೆ ನೀವು. ಎದೆ ಹೊಡೆದುಕೊಳ್ಳುವುದು ಸಹಜ. ಆದರೆ ಕಾನೂನಿನ ಪ್ರಕಾರ ನೀವೂ ಆ ತಂಡದ ಸದಸ್ಯರು, ಅತಿಥಿಯಲ್ಲ. ಇಂಗ್ಲಿಷ್ ತೊಡಕಾದರೆ ದುಭಾಷಿಯನ್ನು ಮುಂಚೆಯೇ ಕೇಳಿ, ಒದಗಿಸುವುದು ಶಾಲೆಯ ಹೊಣೆ.

ಎಲ್ಲಕ್ಕಿಂತ ಮೊದಲು ಗುರಿಗಳ ಪುಟ ತೆಗೆಯಿರಿ. 'ಓದುವ ಸಾಮರ್ಥ್ಯ ಸುಧಾರಿಸುವುದು' ಎಂದಿದ್ದರೆ ಒಪ್ಪಬೇಡಿ. ಎಷ್ಟು ಸುಧಾರಿಸಿತೆಂದು ಯಾರು ಅಳೆಯುತ್ತಾರೆ? 'ಈಗ ನಿಮಿಷಕ್ಕೆ 20 ಪದ ಓದುತ್ತಾನೆ, ಮೇ ತಿಂಗಳೊಳಗೆ 50 ಪದ ತಪ್ಪಿಲ್ಲದೆ ಓದಬೇಕು' ಎಂದಿದ್ದರೆ ಅದು ಗುರಿ. ಅದರ ಪಕ್ಕದಲ್ಲೇ ವಾರಕ್ಕೆ ಎಷ್ಟು ನಿಮಿಷ, ಯಾರು ಕಲಿಸುತ್ತಾರೆ ಎಂಬುದೂ ಬರಬೇಕು. ಕೊಲೊರಾಡೊದ ಆಟಿಸಂ ಇದ್ದ ಹುಡುಗನೊಬ್ಬನ ಐಇಪಿಯಲ್ಲಿ ವರ್ಷದಿಂದ ವರ್ಷಕ್ಕೆ ಹೆಚ್ಚುಕಮ್ಮಿ ಅವೇ ಗುರಿಗಳು ಮರಳಿ ಬರುತ್ತಿದ್ದವು. ಅವನ ಪೋಷಕರು ಸುಪ್ರೀಂ ಕೋರ್ಟಿನವರೆಗೂ ಹೋದರು. ನಾಮಕಾವಾಸ್ತೆ ಪ್ರಗತಿ ಸಾಲದು, ಆ ಮಗುವಿನ ಪರಿಸ್ಥಿತಿಗೆ ತಕ್ಕ ಪ್ರಗತಿ ಆಗುವಂತೆ ಯೋಜನೆ ಇರಬೇಕು ಎಂದು 2017ರಲ್ಲಿ ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. ಹಾಗಾಗಿ ಹೋದ ವರ್ಷದ ಐಇಪಿಯನ್ನು ಪಕ್ಕದಲ್ಲಿಟ್ಟುಕೊಂಡೇ ಈ ವರ್ಷದ್ದನ್ನು ಓದಿ.

ಅಲ್ಲೇ ಸಹಿ ಹಾಕಬೇಕಿಲ್ಲ. 'ಮನೆಗೆ ಒಯ್ದು ಓದುತ್ತೇನೆ' ಎನ್ನಿ.

ಐದನೇ ಹೆಜ್ಜೆ: ಒಪ್ಪಿಗೆಯಾಗದಿದ್ದರೆ

ಶಾಲೆಯ ಪರೀಕ್ಷೆಯ ಫಲಿತಾಂಶ ಸರಿಯಿಲ್ಲ ಎನಿಸಿದರೆ ಹೊರಗಿನ ತಜ್ಞರಿಂದ ಶಾಲೆಯ ಖರ್ಚಿನಲ್ಲೇ ಮತ್ತೊಮ್ಮೆ ಮಾಡಿಸಲು ಕೇಳಬಹುದು. ಶಾಲೆ ಒಂದೋ ಹಣ ಕೊಡಬೇಕು, ಇಲ್ಲವೇ ತನ್ನ ಪರೀಕ್ಷೆ ಸರಿಯಾಗಿದೆ ಎಂದು ವಿಚಾರಣೆಯಲ್ಲಿ ತೋರಿಸಬೇಕು. ಮಧ್ಯಸ್ಥಿಕೆ, ರಾಜ್ಯಕ್ಕೆ ದೂರು, ವಿಚಾರಣೆ ಎಂಬ ದಾರಿಗಳೂ ಇವೆ. ವಕೀಲರಿಗಿಂತ ಮೊದಲು ನಿಮ್ಮ ರಾಜ್ಯದ 'ಪೇರೆಂಟ್ ಸೆಂಟರ್' ಹುಡುಕಿ, ಅಲ್ಲಿ ಪೋಷಕರಿಗೆ ಉಚಿತವಾಗಿ ದಾರಿ ತೋರಿಸುತ್ತಾರೆ.

ಐಇಪಿಗೆ ಅರ್ಹನಲ್ಲ ಎಂದರೆ '504 ಪ್ಲಾನ್' ಕೇಳಿ. ಪರೀಕ್ಷೆಗೆ ಹೆಚ್ಚುವರಿ ಸಮಯ, ಮುಂದಿನ ಬೆಂಚು, ನಡುನಡುವೆ ಬಿಡುವು ಇಂಥವು ಅದರಲ್ಲಿ ಸಿಗುತ್ತವೆ. ಆ ಸಂಖ್ಯೆ 1973ರ ಪುನರ್ವಸತಿ ಕಾಯ್ದೆಯಲ್ಲಿ, ಅಂಗವಿಕಲರಿಗೆ ತಾರತಮ್ಯ ಮಾಡಬಾರದು ಎನ್ನುವ ಕಲಮಿನದು. ಕಾಯ್ದೆ ಬಂದು ಮೂರೂವರೆ ವರ್ಷವಾದರೂ ಅದರ ನಿಯಮಗಳಿಗೆ ಸಹಿ ಬಿದ್ದಿರಲಿಲ್ಲ. 1977ರ ಏಪ್ರಿಲ್‌ನಲ್ಲಿ ನೂರಕ್ಕೂ ಹೆಚ್ಚು ಅಂಗವಿಕಲರು ಸ್ಯಾನ್ ಫ್ರಾನ್ಸಿಸ್ಕೊದ ಸರ್ಕಾರಿ ಕಚೇರಿಗೆ ನುಗ್ಗಿ ಮೂರು ವಾರಕ್ಕೂ ಹೆಚ್ಚು ಕಾಲ ಅಲ್ಲೇ ಕೂತರು. ಫೋನ್ ಸಂಪರ್ಕ ಕಡಿದಾಗ ಕಿವಿ ಕೇಳದವರು ಕಿಟಕಿಯಲ್ಲಿ ನಿಂತು ಕೈಸನ್ನೆಯಲ್ಲೇ ಹೊರಗಿನವರಿಗೆ ಸುದ್ದಿ ಮುಟ್ಟಿಸಿದರು. ಏಪ್ರಿಲ್ 28ಕ್ಕೆ ಸಹಿ ಬಿತ್ತು. ಅವರ ಮುಂಚೂಣಿಯಲ್ಲಿದ್ದವರು, ಬ್ರೂಕ್ಲಿನ್‌ನ ಶಾಲೆಯ ಬಾಗಿಲಿಂದ ವಾಪಸ್ ಬಂದಿದ್ದ ಅದೇ ಜೂಡಿ.