ಬಿದ್ರಿ ಕೆಲಸದ ಮೇಲೆ ಹತ್ತು ನಿಮಿಷದ ಸಾಕ್ಷ್ಯಚಿತ್ರ ಮಾಡುವುದು ಹೇಗೆ

ಕಲಬುರಗಿಯಲ್ಲಿ ನನ್ನ ಹತ್ತಿರ ಸಾಕ್ಷ್ಯಚಿತ್ರ ಕಲಿಯಲು ಬರುವ ಹುಡುಗ ಹುಡುಗಿಯರನ್ನು ನಾನು ಮೊದಲು ಕಳಿಸುವುದು ಬೀದರಿಗೆ. ಹಳೆ ಊರಿನ ನಡುವಿನ ಗೋಪುರ ಚೌಬಾರಾ ಸುತ್ತಿನ ಗಲ್ಲಿಗಳಲ್ಲಿ, ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ಬಿದ್ರಿ ಕೆಲಸದ ಒಂದು ಕಾರ್ಖಾನೆ ಹುಡುಕಿ, ಒಂದೇ ಒಂದು ಹೂದಾನಿ ತಯಾರಾಗುವುದನ್ನು ಹತ್ತು ನಿಮಿಷದಲ್ಲಿ ತೋರಿಸಿ ಅನ್ನುತ್ತೇನೆ. ಈ ಕೆಲಸಕ್ಕೆ ತನ್ನದೇ ಆರಂಭವಿದೆ, ತನ್ನದೇ ಕೊನೆ ಇದೆ. ಹೊರಗಿನಿಂದ ಕಥೆ ತಂದು ಹೊಲಿಯಬೇಕಾಗಿಲ್ಲ.

ಮೊದಲ ದಿನ ಕ್ಯಾಮೆರಾ ಚೀಲದಲ್ಲೇ ಇರಲಿ. ಮೂಲೆಯಲ್ಲಿ ಕೂತು ಕೆಲಸದ ಕ್ರಮ ಬರೆದುಕೊಳ್ಳಿ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ. ಅರದಿಂದ ಉಜ್ಜಿ ನಯ ಮಾಡುತ್ತಾರೆ. ಮೈಲುತುತ್ತದ (ಕಾಪರ್ ಸಲ್ಫೇಟ್) ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡಿಕೊಂಡು, ಅದರ ಮೇಲೆ ಕೈಯಳತೆಯಲ್ಲೇ ಬಳ್ಳಿ ಬರೆಯುತ್ತಾರೆ. ಉಳಿಯಿಂದ ಕೊರೆದು ಬೆಳ್ಳಿ ತಂತಿ ಕೂರಿಸಿ ಬಡಿಯುತ್ತಾರೆ. ಮತ್ತೆ ಉಜ್ಜಿದಾಗ ಆ ಕಪ್ಪೆಲ್ಲ ಹೋಗಿ, ಬೂದು ಲೋಹದ ಮೇಲೆ ಬೆಳ್ಳಿ ಕಂಡೂ ಕಾಣದ ಹಾಗೆ ಇರುತ್ತದೆ. ಕಡೆಗೆ ವಸ್ತುವನ್ನು ಬಿಸಿ ಮಾಡಿ, ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ (ಅಮೋನಿಯಂ ಕ್ಲೋರೈಡ್ ಉಪ್ಪು) ಕಲಸಿ ಹಚ್ಚುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಬಿಳಿಯಾಗೇ ನಿಲ್ಲುತ್ತದೆ.

ನಿಮ್ಮ ಚಿತ್ರ ಇಡೀ ನಿಂತಿರುವುದು ಈ ಕೊನೆಯ ಹಂತದ ಮೇಲೆ. ಒಂದು ವಸ್ತುವಿಗೆ ಅದು ಒಂದೇ ಸಲ ಆಗುತ್ತದೆ. ‘ಇನ್ನೊಮ್ಮೆ ಮಾಡ್ರಿ’ ಅಂತ ಉಸ್ತಾದರಿಗೆ ಹೇಳುವ ಹಾಗಿಲ್ಲ. ಆದ್ದರಿಂದ ಹಿಂದಿನ ದಿನವೇ ಬೇರೊಂದು ವಸ್ತುವಿಗೆ ಮಣ್ಣು ಹಚ್ಚುವುದನ್ನು ನೋಡಿ, ಅವರ ಕೈ ಎತ್ತ ತಿರುಗುತ್ತದೆ, ಹೊಗೆ ಎತ್ತ ಹೋಗುತ್ತದೆ ಎಂದು ಗುರುತು ಮಾಡಿಕೊಳ್ಳಿ. ಟ್ರೈಪಾಡ್ ಅಲ್ಲಿಡಿ. ಎಕ್ಸ್‌ಪೋಷರ್ (ಕ್ಯಾಮೆರಾ ಒಳಗೆ ಬಿಟ್ಟುಕೊಳ್ಳುವ ಬೆಳಕು) ಮತ್ತು ಫೋಕಸ್ ಎರಡನ್ನೂ ಲಾಕ್ ಮಾಡಿ. ಆಟೋದಲ್ಲಿ ಬಿಟ್ಟರೆ ವಸ್ತು ಕಪ್ಪಾಗುತ್ತಿದ್ದ ಹಾಗೆ ಕ್ಯಾಮೆರಾ ತಾನೇ ಬೆಳಕು ಹೆಚ್ಚಿಸಿಕೊಂಡು ಬೆಳ್ಳಿಯ ಗೆರೆಗಳನ್ನೆಲ್ಲ ಸುಟ್ಟುಬಿಡುತ್ತದೆ. ಬೆಳಕಿನ ಅಳತೆ ಬೆಳ್ಳಿಗೆ ಇಡಿ, ಕಪ್ಪು ಕಪ್ಪಾಗೇ ಇರಲಿ. ನೇರ ದೀಪ ಬೇಡ. ಕಿಟಕಿ ಬೆಳಕಿಗೆ ಬಿಳಿ ಪಂಚೆ ಅಡ್ಡ ಕಟ್ಟಿದರೆ ಸಾಕು. ಟ್ಯೂಬ್‌ಲೈಟ್ ಇದ್ದರೆ ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಇಡಿ. ನಮ್ಮ ಕರೆಂಟು 50 ಹರ್ಟ್ಸ್ ಆದ್ದರಿಂದ ಮಿನುಗು ಬರುವುದಿಲ್ಲ.

ಶಬ್ದವನ್ನು ಬೇರೆಯಾಗಿಯೇ ಹಿಡಿಯಿರಿ. ಉಳಿಯ ಸಣ್ಣ ಟಕ್ ಟಕ್, ಅರದ ಕರಕರ, ತಂತಿ ಕೂರಿಸುವ ಮೆಲು ಪೆಟ್ಟು ಮೂರೂ ಬೇರೆ. ಮೈಕನ್ನು ಒಂದು ಗೇಣು ದೂರಕ್ಕೆ ತನ್ನಿ. ಯಾರೂ ಮಾತಾಡದೆ, ಯಾರೂ ಕೆಲಸ ಮಾಡದೆ, ಆ ಕೋಣೆಯ ಬರೀ ಸದ್ದನ್ನೂ ಒಂದು ನಿಮಿಷ ರೆಕಾರ್ಡ್ ಮಾಡಿ. ಎಡಿಟಿಂಗ್ ಟೇಬಲ್ ಮುಂದೆ ಕೂತು ಶಾಟ್‌ಗಳ ನಡುವಿನ ಖಾಲಿ ಜಾಗ ತುಂಬಬೇಕಾದಾಗ ಅದರ ಬೆಲೆ ತಿಳಿಯುತ್ತದೆ.

ಸಂದರ್ಶನ ಕಡೆಗೆ ಇಟ್ಟುಕೊಳ್ಳಿ. ‘ನಿಮ್ಮ ಕಷ್ಟಗಳೇನು?’ ಅಂತ ಶುರು ಮಾಡಬೇಡಿ. ಆ ಪ್ರಶ್ನೆ ಕೇಳಿ ಕೇಳಿ ಅವರಿಗೆ ಉತ್ತರ ಬಾಯಿಪಾಠವಾಗಿದೆ. ‘ಈ ಮಣ್ಣು ಸರಿ ಇದೆ ಅಂತ ಹೆಂಗ ಗೊತ್ತಾಗ್ತದ್ರಿ?’ ಅಂತ ಕೇಳಿ. ಕೆಲವರು ಚಿಟಿಕೆ ಮಣ್ಣು ನಾಲಗೆಗೆ ಇಟ್ಟು ತೋರಿಸುತ್ತಾರೆ. ಅರ್ಧ ಗಂಟೆಯ ಮಾತಿಗಿಂತ ಆ ಒಂದು ಶಾಟ್ ದೊಡ್ಡದು. ಅವರು ದಖನಿ ಉರ್ದುವಿನಲ್ಲಿ ಮಾತಾಡಿದರೆ ಆಡಲಿ ಬಿಡಿ, ತೆರೆಯ ಕೆಳಗೆ ಕನ್ನಡ ಅನುವಾದ ಹಾಕಿ. ಅವರ ದನಿಯ ಮೇಲೆ ಇನ್ನೊಬ್ಬರ ದನಿ ಹೇರುವುದನ್ನು ನಾನು ಒಪ್ಪುವುದಿಲ್ಲ.

ಇನ್ನೊಂದು ಮಾತು. 2023ರಲ್ಲಿ ಬೀದರಿನ ಬಿದ್ರಿ ಕುಶಲಕರ್ಮಿ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಬೀದರಿಗೆ ಸಲ್ಲಬೇಕಾದ ಗೌರವವೇ. ಆದರೆ ಎರಕ ಹೊಯ್ಯುವವರು, ಅರ ಹಿಡಿದವರು, ಕಡೆಗೆ ಎಣ್ಣೆ ಸವರಿ ಒರೆಸುವವರು ಯಾವ ಚಿತ್ರದಲ್ಲೂ ಹೆಸರಿಲ್ಲದೆ ಉಳಿಯುತ್ತಾರೆ. ಎಲ್ಲರ ಹೆಸರನ್ನೂ ಕೇಳಿ, ಸರಿಯಾಗಿ ಬರೆದುಕೊಂಡು ತೆರೆಯ ಮೇಲೆ ಹಾಕಿ.

ಕೋಟೆಯೊಳಗೆ ಚಿತ್ರೀಕರಣ ಬೇಕೆಂದರೆ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ಅನುಮತಿ ಮೊದಲೇ ಪಡೆಯಿರಿ.

ಎಡಿಟಿಂಗ್‌ನಲ್ಲಿ ನನ್ನ ಪರೀಕ್ಷೆ ಒಂದೇ: ಬಿದ್ರಿ ಅಂದರೇನೆಂದೇ ಗೊತ್ತಿಲ್ಲದ ಹಳ್ಳಿಯ ಮನುಷ್ಯನಿಗೆ ಚಿತ್ರ ನೋಡಿ ಕೆಲಸ ತಿಳಿಯಬೇಕು. ನಮ್ಮ ಭಾಗಕ್ಕೆ ಟಿವಿ ಬಂದದ್ದೇ ಕಲಿಸುವುದಕ್ಕೆ. 1975ರ ಆಗಸ್ಟ್‌ನಿಂದ ಒಂದು ವರ್ಷ, ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ಪಾಠ ಮುಟ್ಟಿಸಿದ ‘ಸೈಟ್’ ಪ್ರಯೋಗದಲ್ಲಿ, ಎಟಿಎಸ್-6 ಉಪಗ್ರಹದಿಂದ ಗುಲ್ಬರ್ಗ, ರಾಯಚೂರು, ವಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ ಕೃಷಿ, ಆರೋಗ್ಯ, ಶಾಲಾ ಪಾಠ ಇಳಿದವು. ಊರಿನವರೆಲ್ಲ ಒಂದೇ ಪೆಟ್ಟಿಗೆಯ ಮುಂದೆ ನೆಲದ ಮೇಲೆ ಕೂತು ನೋಡಿದ ಕಾಲ ಅದು. ನಿರ್ಮಾಪಕನಾಗಿದ್ದಾಗಲೂ ಈಗ ಪಾಠ ಹೇಳುವಾಗಲೂ ನಾನು ಆ ಪ್ರೇಕ್ಷಕರನ್ನೇ ಎದುರಿಗೆ ಇಟ್ಟುಕೊಂಡಿದ್ದೇನೆ. ಹಾಗಾಗಿ ಹಂತಗಳನ್ನು ಹಿಂದುಮುಂದು ಮಾಡಬೇಡಿ. ಮೈಲುತುತ್ತದ ಕಪ್ಪಿಗೂ ಮಣ್ಣಿನ ಕಪ್ಪಿಗೂ ಇರುವ ವ್ಯತ್ಯಾಸ ಸ್ಪಷ್ಟವಾಗಲಿ. ಇಲ್ಲೇ ಹೆಚ್ಚಿನ ಚಿತ್ರಗಳು ನೋಡುವವರನ್ನು ಗಲಿಬಿಲಿ ಮಾಡುವುದು. ಉಸ್ತಾದರು ಕೈ ಚಲಾಯಿಸುವಾಗ ವಿವರಣೆಯೂ ಬೇಡ, ಸಿತಾರೂ ಬೇಡ.

ಮೊದಲ ಕಟ್ ಆದ ತಕ್ಷಣ ಬೀದರಿಗೆ ಹೋಗಿ ಕಾರ್ಖಾನೆಯವರ ಮುಂದೆ ಹಾಕಿ. ಅವರು ತಪ್ಪೆಂದು ತೋರಿಸಿದ್ದನ್ನು ತಿದ್ದಿ, ಆಮೇಲೆಯೇ ಹೊರಗೆ ಬಿಡಿ. ಅವರಿಗೊಂದು ಪ್ರತಿ ಪೆನ್‌ಡ್ರೈವ್‌ನಲ್ಲಿ ಕೊಡಿ. ಕತ್ತರಿಸಿ ಉಳಿದ ಶಾಟ್‌ಗಳನ್ನೂ ದಿನಾಂಕ, ಹೆಸರು ಹಾಕಿ ಎರಡು ಹಾರ್ಡ್‌ಡಿಸ್ಕ್‌ಗಳಲ್ಲಿ, ಎರಡು ಬೇರೆ ಮನೆಗಳಲ್ಲಿ ಇಡಿ.